ವಾಮನ ಮುದ್ರೆಯ ಕಲ್ಲಿನ ಕೆಳಗೆ ನಿಧಿ ಇದೆಯೇ?

ಪ್ರಶ್ನೆ: ನಮ್ಮೂರ ಗಡಿಯಲ್ಲಿ, ಹೊಲದ ಬದುವಿನ ಮೇಲೆ, ಕೊಡೆ ಹಿಡಿದ ಕುಳ್ಳ ಆಕೃತಿಯ ಕಲ್ಲೊಂದಿದೆ. ಅದರಡಿ ನಿಧಿಯಿದೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಅಮಾವಾಸ್ಯೆಯ ಮರುದಿನ ಬುಡ ಅಗೆದು ಉರುಳಿಸಿದ ಕಲ್ಲುಗಳನ್ನು ನೋಡುವುದು ತಪ್ಪಿಲ್ಲವಾದ್ದರಿಂದ ಮತ್ತೊಮ್ಮೆ ವಿವರವಾಗಿಯೇ ಬರೆಯುತ್ತೇನೆ.

ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಮಂಡಲು ಹಿಡಿದ ಆ ಆಕೃತಿ ವಾಮನನದು. ಬಲಿಯಿಂದ ಭೂಮಿಯನ್ನು ದಾನ ಪಡೆದವನ ಮುದ್ರೆಯನ್ನು, ಬ್ರಾಹ್ಮಣರಿಗೋ ವಿಷ್ಣು ದೇವಾಲಯಕ್ಕೋ ಬಿಟ್ಟ ಭೂಮಿಯ ಎಲ್ಲೆಯಲ್ಲಿ ನೆಡುತ್ತಿದ್ದರು. ಶಿವಾಲಯದ ಭೂಮಿಗೆ ಲಿಂಗಮುದ್ರೆ, ಜೈನ ಬಸದಿಯ ಭೂಮಿಗೆ ಮುಕ್ಕೊಡೆ, ಅಂದರೆ ಒಂದರ ಮೇಲೊಂದಿರುವ ಮೂರು ಕೊಡೆ. ಮೇಲೆ ಕಾಣುವ ಸೂರ್ಯಚಂದ್ರರು, ಅವರಿರುವವರೆಗೂ ದಾನ ನಡೆಯಲಿ ಎಂಬುದರ ಗುರುತು. ಅವು ನಿಧಿಯ ದಿಕ್ಕನ್ನು ತೋರಿಸುವುದಿಲ್ಲ.

ಹಾಗಾದರೆ ನಿಧಿಯ ಮಾತು ಎಲ್ಲಿಂದ ಬಂತು? ನನ್ನ ಮಟ್ಟಿಗೆ ಅದರ ಮುಖ್ಯ ಬೇರು ಶಾಸನಗಳ ಒಂದು ಸಾಲಿನಲ್ಲಿದೆ. ಚತುಃಸೀಮೆಯನ್ನು, ಅಂದರೆ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಯನ್ನು, ಹೇಳಿ ಮುಗಿಸಿದ ಮೇಲೆ ದಾನಶಾಸನಗಳು, ಆ ಸೀಮೆಯೊಳಗಿನ ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ’ಗಳೆಂಬ ಅಷ್ಟಭೋಗವನ್ನು, ಅಂದರೆ ಎಂಟು ಬಗೆಯ ಅನುಭೋಗದ ಹಕ್ಕನ್ನು, ಕೊಟ್ಟೆವು ಎನ್ನುತ್ತವೆ. ಮೊದಲ ಪದವನ್ನಷ್ಟೇ ಕೇಳಿದವರು ಗುದ್ದಲಿ ಹಿಡಿದರು. ಆದರೆ ಅಲ್ಲಿ ಹೇಳಿರುವುದು ಹಕ್ಕಿನ ಮಾತು: ಮುಂದೆಂದಾದರೂ ನಿಧಿ ಸಿಕ್ಕರೆ ಅದು ದಾನ ಪಡೆದವನಿಗೆ ಸೇರತಕ್ಕದ್ದು ಎಂದು. ನಿಮ್ಮ ಮನೆಯ ಹಳೆಯ ಕ್ರಯಪತ್ರವನ್ನು ತೆಗೆದು ನೋಡಿ. ಎಲ್ಲೆಗಳನ್ನು ಹೇಳುವ ಚಕ್ಕುಬಂದಿಯ ಆಸುಪಾಸಿನಲ್ಲಿ ಇದೇ ‘ನಿಧಿ ನಿಕ್ಷೇಪ’ ಸಿಕ್ಕೀತು. ಅದನ್ನು ಓದಿ ಯಾರೂ ತಮ್ಮ ಹಿತ್ತಲನ್ನು ಅಗೆದಿಲ್ಲ.

ಅಗೆದವರು ಇನ್ನೊಂದು ಸಾಕ್ಷಿ ಹೇಳುತ್ತಾರೆ: ಕೆಳಗೆ ಇದ್ದಿಲು, ಬೂದಿ, ಮಡಕೆ ಚೂರು ಸಿಕ್ಕಿತು, ಇನ್ನಷ್ಟು ಆಳಕ್ಕೆ ಹೋಗಿದ್ದರೆ ಹೊನ್ನೇ ಸಿಗುತ್ತಿತ್ತು ಎಂದು. ಎಲ್ಲೆಯಲ್ಲಿ ಕಣ್ಣಿಗೆ ಕಾಣದ ಗುರುತಾಗಿ ಕಲ್ಲು, ಮೂಳೆ, ಹೊಟ್ಟು, ಬೂದಿ, ಮಡಕೆ ಚೂರು, ಇಟ್ಟಿಗೆ, ಇದ್ದಿಲು, ಮರಳುಗಳನ್ನು ಹೂಳಬೇಕೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವೇ ಹೇಳುತ್ತದೆ. ಮಣ್ಣಿನಲ್ಲಿ ಬೇಗ ಕರಗದ ವಸ್ತುಗಳಿವು. ಮೇಲಿನ ಕಲ್ಲನ್ನು ಯಾರಾದರೂ ಸರಿಸಿದರೂ ನಿಜವಾದ ಎಲ್ಲೆ ಗೊತ್ತಾಗಲೆಂಬ ಎಚ್ಚರ. ಆದ್ದರಿಂದ ಸಿಕ್ಕ ಇದ್ದಿಲಿನಿಂದ ಅಲ್ಲೊಂದು ಎಲ್ಲೆ ಇತ್ತೆಂದು ಊಹಿಸಬಹುದೇ ಹೊರತು ಹೊನ್ನಿದೆಯೆಂದಲ್ಲ. ಬುಡವನ್ನೇ ಅಗೆದ ಮೇಲೆ ಎಲ್ಲೆಯ ಆ ಸಾಕ್ಷಿಯೂ ಹೋಯಿತು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಈ ಕಲ್ಲುಗಳು ಇಂದಿನ ಗ್ರಾಮ ನಕ್ಷೆಯ ಗಡಿಗೆ ಹೊಂದದೆ, ಕೆಲವೊಮ್ಮೆ ಊರ ನಡುವಿನ ತೋಟದಲ್ಲೇ ನಿಂತಿರುವುದೇಕೆ? ಅವು ದಾನದ ಭೂಮಿಯ ಎಲ್ಲೆಗಳು. ನಮ್ಮ ಸರ್ವೆ ಕಲ್ಲುಗಳು ಬಂದದ್ದು ಬಹಳ ಈಚೆಗೆ, ಮೈಸೂರು ಸೀಮೆಯಲ್ಲಿ 1863ರಲ್ಲಿ ಶುರುವಾದ ಕಂದಾಯ ಮೋಜಣಿಯ (ಭೂಮಿಯ ಅಳತೆಯ) ನಂತರ. ಕೆಲವು ಕಡೆ ಎಲ್ಲೆ ಉಳಿದು ಊರೇ ಇಲ್ಲವಾಗಿದೆ. ಅಂಥದ್ದನ್ನು ಕಂದಾಯ ದಾಖಲೆಗಳು ‘ಬೇಚರಾಕ್ ಗ್ರಾಮ’ ಎನ್ನುತ್ತವೆ. ಪಾರಸಿಯ ‘ಬೇ ಚಿರಾಗ್’, ಅಂದರೆ ದೀಪವಿಲ್ಲದ್ದು. ಜನ ಅದನ್ನು ಹಾಳೂರು ಎಂದು ಕರೆಯುತ್ತಾರೆ. ಒಂದು ಹುಣಿಸೆ ಮರ, ಒಂದು ಮಾರಮ್ಮನ ಗುಡಿ ಬಿಟ್ಟರೆ ಅಲ್ಲಿ ಏನೂ ಇರುವುದಿಲ್ಲ, ಆದರೆ ಸುತ್ತಲಿನ ಹೊಲಗಳ ಪಹಣಿಗಳು ಇಂದಿಗೂ ಆ ಊರಿನ ಹೆಸರಿನಲ್ಲೇ ಬರುತ್ತವೆ.