ಹಿಮ ಒತ್ತಿದ ಹೆಬ್ಬೆಟ್ಟು

ಕಂದು ಶಾಯಿಯಲ್ಲಿ ಹೆಬ್ಬೆರಳು ಅದ್ದಿ ಕಾಗದದ ತುಂಬ ಒತ್ತಿದ ಹಾಗಿದೆ ಈ ನಕ್ಷೆ. ಹೆಬ್ಬೆಟ್ಟುಗಳೆಲ್ಲ ಉದ್ದುದ್ದ. ಹೆಚ್ಚುಕಡಿಮೆ ಎಲ್ಲವೂ ಉತ್ತರ-ದಕ್ಷಿಣವಾಗಿಯೇ ಮಲಗಿವೆ. ಇದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಸುತ್ತಮುತ್ತಲ ಸೀಮೆ. ನಕ್ಷೆ 20ನೇ ಶತಮಾನದ ಆರಂಭದ್ದು. ಅಳತೆ 1:62,500, ಅಂದರೆ ಸುಮಾರು ಒಂದು ಇಂಚಿಗೆ ಒಂದು ಮೈಲಿ. ನ್ಯೂಯಾರ್ಕ್ ನಗರದ ಗದ್ದಲ ಇಲ್ಲಿಂದ ಬಲು ದೂರ; ಇದು ಸೇಬು ಬೆಳೆಯುವ ರೈತರ ನಾಡು.

ಆ ಕಂದು ಗೆರೆಗಳೇ ಕಾಂಟೂರ್. ಒಂದು ಗೆರೆಯ ಮೇಲೆ ಎಲ್ಲೇ ನಿಂತರೂ ಎತ್ತರ ಒಂದೇ. ಪಕ್ಕದ ಗೆರೆಗೆ ದಾಟಿದರೆ 20 ಅಡಿ ಏರಿದಿರಿ, ಇಲ್ಲವೇ ಇಳಿದಿರಿ. ಈಗ ಒಂದೇ ಒಂದು ಹೆಬ್ಬೆಟ್ಟನ್ನು ಹತ್ತಿರದಿಂದ ನೋಡೋಣ. ಉತ್ತರದ ತುದಿಯಲ್ಲಿ ಗೆರೆಗಳು ಒತ್ತೊತ್ತಾಗಿವೆ: ಕಡಿದಾದ ಏರು. ದಕ್ಷಿಣಕ್ಕೆ ಹೋದಂತೆ ಸಡಿಲ. ಅಲ್ಲಿ ಗುಡ್ಡ ಮೆಲ್ಲಗೆ ಇಳಿದು ನೆಲ ಸೇರುತ್ತದೆ. ಬೋರಲು ಹಾಕಿದ ಸೌಟಿನ ಹಾಗೆ, ಅಲ್ವಾ? ಇಂಥ ಗುಡ್ಡಕ್ಕೆ ಡ್ರಮ್ಲಿನ್ ಅಂತ ಹೆಸರು. ಪುಟ್ಟ ದಿಬ್ಬ ಅನ್ನುವ ಅರ್ಥದ ಐರಿಷ್ ಮಾತಿನಿಂದ ಬಂದದ್ದು.

ಹಿಮಯುಗದಲ್ಲಿ ಕೆನಡಾ ಕಡೆಯಿಂದ ದಪ್ಪನೆಯ ಮಂಜುಗಡ್ಡೆ ನಿಧಾನಕ್ಕೆ ಜಾರಿ ಬಂತು. ಗುಡ್ಡದ ಮೊಂಡು ತುದಿ ಅದು ಬಂದ ದಿಕ್ಕಿಗೆ, ಬಾಲ ಅದು ಹೋದ ದಿಕ್ಕಿಗೆ. ಹಿಮ ಕರಗಿ 12,000 ವರ್ಷ ದಾಟಿದ್ದರೂ ದಾರಿ ಇನ್ನೂ ಅಳಿಸಿಲ್ಲ. ಈ ಸೀಮೆಯಲ್ಲಿ ಸುಮಾರು 10,000 ಡ್ರಮ್ಲಿನ್‌ಗಳಿವೆ. ಮಂಜುಗಡ್ಡೆ ಇವನ್ನು ಕೆತ್ತಿತೋ, ಮೆತ್ತಿತೋ? ವಿಜ್ಞಾನಿಗಳ ಜಗಳ ಮುಗಿದಿಲ್ಲ.

ಹೊಟ್ಟೆಯೊಳಗೆ ಏನಿದೆ ಅಂತ ನೋಡಬೇಕಾದರೆ ಒಂಟಾರಿಯೊ ಸರೋವರದ ದಡಕ್ಕೆ, ಚಿಮ್ನಿ ಬ್ಲಫ್ಸ್‌ಗೆ ಹೋಗಬೇಕು. ಅಲೆಗಳು ಅಲ್ಲಿ ಒಂದು ಡ್ರಮ್ಲಿನ್ನನ್ನು ರೊಟ್ಟಿಯಂತೆ ಮುರಿದಿವೆ. ಜೇಡಿ, ಮರಳು, ಗುಂಡುಕಲ್ಲು ಎಲ್ಲ ಕಲಸುಮೇಲೋಗರ. ನದಿಯಾಗಿದ್ದರೆ ದಪ್ಪದ್ದು, ಸಣ್ಣದ್ದು ಬೇರೆಬೇರೆ ಮಾಡುತ್ತಿತ್ತು. ಮಂಜುಗಡ್ಡೆಗೆ ಆ ಶಿಸ್ತಿಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಕಪ್ಪು ಗೆರೆಗಳು, ಅಂದರೆ ಮನುಷ್ಯರು ಮಾಡಿದವು. ಉತ್ತರ-ದಕ್ಷಿಣದ ರಸ್ತೆ ಗುಡ್ಡಗಳ ನಡುವಿನ ತಗ್ಗಿನಲ್ಲಿ ಸಲೀಸಾಗಿ ಹೋಗುತ್ತದೆ. ಪೂರ್ವ-ಪಶ್ಚಿಮಕ್ಕೆ ಹೊರಟರೆ ಏರಿ ಇಳಿದು ಸಾಕಾಗುತ್ತದೆ. 1825ರಲ್ಲಿ ಮುಗಿದ ಈರಿ ಕಾಲುವೆ ಮಾತ್ರ ಹತ್ತುವ ಗೋಜಿಗೇ ಹೋಗದೆ ಗುಡ್ಡಗಳನ್ನು ಸುತ್ತಿ ಬಳಸಿ ಸಾಗುತ್ತದೆ.

ದಕ್ಷಿಣದ ಅಂಚಿನಲ್ಲಿ ಕುಮೋರಾ ಗುಡ್ಡವಿದೆ. 1827ರಲ್ಲಿ ಚಿನ್ನದ ತಗಡುಗಳ ಗ್ರಂಥ ತನಗೆ ಸಿಕ್ಕಿದ್ದು ಇಲ್ಲೇ ಅಂತ, ಮುಂದೆ ಮಾರ್ಮನ್ ಎಂಬ ಕ್ರೈಸ್ತ ಪಂಥ ಕಟ್ಟಿದ ಜೋಸೆಫ್ ಸ್ಮಿತ್ ಹೇಳಿದ. ಮಾರ್ಮನ್ನರಿಗೆ ಇದು ಪುಣ್ಯಸ್ಥಳ. ನಕ್ಷೆಯಲ್ಲಿ ಅದೂ ಒಂದು ಹೆಬ್ಬೆಟ್ಟೇ. ಉತ್ತರಕ್ಕೆ ಕಡಿದು, ದಕ್ಷಿಣಕ್ಕೆ ಬಾಲ.