ಧಾರವಾಡದ ಅರ್ಥಶಾಸ್ತ್ರಜ್ಞರು ಏನನ್ನು ಲೆಕ್ಕ ಹಾಕುತ್ತ ಬಂದರು

ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಅರ್ಥಶಾಸ್ತ್ರದ ಸಂಶೋಧನೆಗೆ ಆಯ್ದುಕೊಳ್ಳುವ ವಿಷಯಗಳಲ್ಲಿ ನಾಲ್ಕೈದು ಮತ್ತೆ ಮತ್ತೆ ಬರುತ್ತವೆ: ಸಹಕಾರಿ ಸಾಲ, ಹತ್ತಿ, ಮಲಪ್ರಭಾ ನೀರಾವರಿ, ಬ್ಯಾಡಗಿ ಮೆಣಸಿನಕಾಯಿ, ಪ್ರಾದೇಶಿಕ ಅಸಮತೋಲನ. ವಿದೇಶಿ ವಿನಿಮಯವೋ ಗೇಮ್ ಥಿಯರಿಯೋ ಅಪರೂಪ. ಕೈಗೆ ಸಿಗುವ ಅಂಕಿಅಂಶ ಯಾವುದು, ಅಧ್ಯಯನಕ್ಕೆ ದುಡ್ಡು ಕೊಡುವವರು ಯಾರು ಎಂಬುದೇ ಇಲ್ಲಿನ ಅರ್ಥಶಾಸ್ತ್ರಜ್ಞರ ಆಸಕ್ತಿಯನ್ನು ಬಹುಮಟ್ಟಿಗೆ ತೀರ್ಮಾನಿಸಿದೆ.

ಮೊದಲು ಸಿಕ್ಕಿದ್ದು ಸಾಲದ ಲೆಕ್ಕ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ಸಂಘಗಳು ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಮಾಡಿಸಬೇಕಾಗಿದ್ದರಿಂದ, ಅಲ್ಲಿಯವರೆಗೆ ಸಾಹುಕಾರರ ಕಿರ್ದಿಯಲ್ಲಿ ಮುಚ್ಚಿಹೋಗಿದ್ದ ಹಳ್ಳಿಯ ಸಾಲದ ಒಂದು ಭಾಗ ಹೊರಗಿನವರ ಕಣ್ಣಿಗೂ ಬಿತ್ತು. ಈ ಲೆಕ್ಕವನ್ನು ಓದುವಾಗ ಒಂದು ಎಚ್ಚರ ಬೇಕು. ವಸೂಲಿ ಶೇಕಡಾ 95 ಎಂದಿದ್ದರೆ ಸಾಲ ತೀರಿತೆಂದು ಅರ್ಥವಲ್ಲ. ಈಗಿನ ಸಹಕಾರಿ ಬೆಳೆಸಾಲದಲ್ಲಿ ಸಕಾಲಕ್ಕೆ ಕಟ್ಟಿದವರಿಗೆ ಮಾತ್ರ ಶೂನ್ಯ ಬಡ್ಡಿಯ ಸೌಲಭ್ಯ. ಹಾಗಾಗಿ ಗಡುವಿನ ಹೊತ್ತಿಗೆ ಖಾಸಗಿಯವರಿಂದ ಒಂದೆರಡು ದಿನದ ಕೈಗಡ ತಂದು ಹಳೆ ಸಾಲ ಕಟ್ಟಿ, ಹೊಸ ಸಾಲ ಎತ್ತಿ, ಕೈಗಡ ತೀರಿಸುವುದು ರೂಢಿ. ಕಾಗದದಲ್ಲಿ ಎಲ್ಲ ಚೊಕ್ಕ. ಕಟ್ಟಿದ ದಿನಾಂಕವನ್ನೂ ಮರುಸಾಲದ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ನೋಡದ ಪ್ರಬಂಧ ಈ ಒಂದೇ ಕಾರಣಕ್ಕೆ ದಾರಿ ತಪ್ಪುತ್ತದೆ.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂತು. ಅದಕ್ಕೂ ಮೊದಲು 1917ರ ಕರ್ನಾಟಕ ಕಾಲೇಜು ಇತ್ತಾದರೂ, ಮುಂದಿನ ಓದು ಅಂದರೆ ಮುಂಬೈ ಇಲ್ಲವೇ ಪುಣೆ. ಆ ನಂಟಿನ ಗುರುತು ಇಲ್ಲಿನ ಅರ್ಥಶಾಸ್ತ್ರದಲ್ಲಿ ಉಳಿದಿದೆ: ಹಳ್ಳಿಗೆ ಹೋಗು, ಪ್ರಶ್ನಾವಳಿ ತುಂಬು, ಕೋಷ್ಟಕ ಮಾಡು. ಸಿದ್ಧಾಂತದ ಬಗ್ಗೆ ಅಷ್ಟೇನೂ ಉತ್ಸಾಹವಿಲ್ಲದ ಈ ಪದ್ಧತಿಯನ್ನು ಹಗುರಾಗಿ ನೋಡುವವರಿದ್ದಾರೆ. ಆದರೆ ಊರೂರು ಸುತ್ತಿ ತಂದ ಆ ಕೋಷ್ಟಕಗಳು ಇಲ್ಲದಿದ್ದರೆ ಮುಂದಿನ ಎಷ್ಟೋ ವಾದಗಳಿಗೆ ಆಧಾರವೇ ಇರುತ್ತಿರಲಿಲ್ಲ.

ಕೃಷಿ ಅರ್ಥಶಾಸ್ತ್ರ ಬೇರೆಯೇ ಕವಲು. 1947ರ ಕೃಷಿ ಕಾಲೇಜು, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ. ಧಾರವಾಡದಲ್ಲಿ ತಳಿ ವಿಜ್ಞಾನಿ ಕಟಾರಕಿ ಅವರು ಬೆಳೆಸಿದ ವರಲಕ್ಷ್ಮಿ ಹತ್ತಿ ತಳಿ 1972ರಲ್ಲಿ ಹೊಲಕ್ಕಿಳಿಯಿತು. ಇಳುವರಿಯ ಜೊತೆಗೆ ಬೀಜ, ಗೊಬ್ಬರ, ಔಷಧಿಯ ಖರ್ಚೂ ಏರಿದ್ದರಿಂದ ಸಾಗುವಳಿ ವೆಚ್ಚದ ಅಧ್ಯಯನಕ್ಕೆ ಬೇಡಿಕೆ ಬಂತು. ಈ ವೆಚ್ಚಕ್ಕೆ ಹಲವು ಅಳತೆಗಳಿವೆ. ರೈತ ಕೈಯಿಂದ ತೆತ್ತದ್ದು, ಗೇಣಿ ಸೇರಿ, ಎ2. ಅದಕ್ಕೆ ಮನೆಯವರ ದುಡಿಮೆಯ ಕೂಲಿ ಸೇರಿಸಿದರೆ ಎ2 ಜೊತೆಗೆ ಎಫ್‌ಎಲ್. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿಯನ್ನೂ ಕಟ್ಟಿದರೆ ಸಿ2. ಬೆಂಬಲ ಬೆಲೆಯ ಜಗಳವೆಲ್ಲ ಈ ಕೊನೆಯ ಎರಡರ ನಡುವೆ. ಒಂದೇ ಹೊಲ, ಒಂದೇ ಬೆಳೆ; ಒಂದು ಲೆಕ್ಕದಲ್ಲಿ ಲಾಭ, ಇನ್ನೊಂದರಲ್ಲಿ ಲುಕ್ಸಾನು.

ಲೆಕ್ಕದ ಇಂಥ ವ್ಯತ್ಯಾಸ ಬರೀ ಕಾಗದದ್ದಲ್ಲ ಎಂಬುದು 1980ರ ಜುಲೈ 21ರಂದು ಎಲ್ಲರಿಗೂ ಗೊತ್ತಾಯಿತು. ಮಲಪ್ರಭಾ ಕಾಲುವೆಯಿಂದ ಜಮೀನಿನ ಮೌಲ್ಯ ಏರಿತೆಂದು ಸರ್ಕಾರ ಅಭಿವೃದ್ಧಿ ಕರ ಹೇರಿತ್ತು. ಕಾಲುವೆ ನೀರು ಎಲ್ಲರ ಹೊಲಕ್ಕೂ ಸರಿಯಾಗಿ ಮುಟ್ಟಿರಲಿಲ್ಲ, ಹತ್ತಿಯ ಧಾರಣೆ ಕುಸಿದಿತ್ತು. ನವಲಗುಂದ, ನರಗುಂದದಲ್ಲಿ ರೈತರು ಬೀದಿಗಿಳಿದರು, ಗೋಲಿಬಾರ್ ನಡೆಯಿತು. ಕರದ ಹಿಂದಿದ್ದದ್ದು ನೀರಾವರಿಯ ಲಾಭವನ್ನು ಎಕರೆಗಿಷ್ಟು ಎಂದು ಊಹಿಸುವ ಅರ್ಥಶಾಸ್ತ್ರವೇ. ಅದು ಸರಾಸರಿ ನೋಡಿತ್ತು, ಕಾಲುವೆಯ ಕೊನೆಯಂಚಿನ ಹೊಲವನ್ನು ನೋಡಿರಲಿಲ್ಲ. ಆಮೇಲೆ ಮಲಪ್ರಭಾ ಅಚ್ಚುಕಟ್ಟಿನ ಅಧ್ಯಯನ ಅಂದರೆ ಕಾಲುವೆಯ ತಲೆ, ನಡು, ಬಾಲ ಎಂದು ಮೂರು ಪಾಲು ಮಾಡಿ ರೈತರನ್ನು ಆರಿಸುವುದು.

ಪ್ರಾದೇಶಿಕ ಅಸಮತೋಲನದ ವಿಷಯ ವೃತ್ತಿಯ ನಡುಮನೆಗೆ ಬಂದದ್ದು ಡಾ. ಡಿ.ಎಂ. ನಂಜುಂಡಪ್ಪ ಅವರಿಂದ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಕುಲಪತಿಯೂ ಆಗಿದ್ದವರು. ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಲೆಕ್ಕದ ಕ್ರಮ ಇದು: ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಸಾಮಾಜಿಕ ಸೌಲಭ್ಯ, ಜನಸಂಖ್ಯೆಯ ಲಕ್ಷಣ ಹೀಗೆ ಒಟ್ಟು 35 ಸೂಚಕ. ಪ್ರತಿ ತಾಲ್ಲೂಕಿನ ಅಂಕಿಯನ್ನು ರಾಜ್ಯದ ಸರಾಸರಿಗೆ ಹೋಲಿಸಿ, ತೂಕ ಕೊಟ್ಟು ಕೂಡಿಸಿದರೆ ಒಂದು ಸೂಚ್ಯಂಕ. 1 ಎಂದರೆ ರಾಜ್ಯದ ಸರಾಸರಿ. 0.89ರಿಂದ 0.99 ಹಿಂದುಳಿದ, 0.80ರಿಂದ 0.88 ಅತಿ ಹಿಂದುಳಿದ, ಅದಕ್ಕೂ ಕೆಳಗೆ ಅತ್ಯಂತ ಹಿಂದುಳಿದ ತಾಲ್ಲೂಕು. 175ರಲ್ಲಿ 114 ಹಿಂದುಳಿದವು. ಮೇಲಿನ ಮೂರು ವರ್ಗಕ್ಕೆ ಕ್ರಮವಾಗಿ 35, 40, 39ರಂತೆ ಹಂಚಿಕೆ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಗೆ ಶಿಫಾರಸು.

ಇದರ ಬಲವೂ ಬಾಧೆಯೂ ಒಂದೇ ಕಡೆ ಇವೆ. ದೂರನ್ನು ಅಂಕಿಯಾಗಿಸಿದ್ದರಿಂದ ಬಜೆಟ್ಟಿನಲ್ಲಿ ಅದಕ್ಕೆ ಜಾಗ ಸಿಕ್ಕಿತು. ಆದರೆ 0.88 ಮತ್ತು 0.89ರ ನಡುವೆ ಬದುಕಿನಲ್ಲಿ ಅಂತರವಿಲ್ಲ, ಅನುದಾನದಲ್ಲಿ ಇದೆ. ತೂಕ ಸ್ವಲ್ಪ ಬದಲಿಸಿದರೆ ಗಡಿಯಲ್ಲಿರುವ ತಾಲ್ಲೂಕು ಆಚೀಚೆ ಜಿಗಿಯುತ್ತದೆ. ಶಾಲಾ ಕಟ್ಟಡ ಎಣಿಸಬಹುದು, ಮೇಷ್ಟ್ರು ಪಾಠ ಮಾಡಿದರೇ ಎಂಬುದನ್ನು ಎಣಿಸುವುದು ಕಷ್ಟ. ಆ ಸೂಚ್ಯಂಕವನ್ನು ಇಂದು ಮತ್ತೆ ಮಾಡಹೊರಟವರಿಗೆ ಇನ್ನೊಂದು ತೊಡಕು. ಅಣ್ಣಿಗೇರಿ, ಅಳ್ನಾವರ, ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟೀಹಳ್ಳಿ ಈಗ ಪ್ರತ್ಯೇಕ ತಾಲ್ಲೂಕು, 2011ರ ಜನಗಣತಿಯಲ್ಲಿ ಅವು ಹಳೆಯ ತಾಲ್ಲೂಕಿನ ಒಳಗಿವೆ. ಜಿಲ್ಲೆಯ ಮಟ್ಟದಲ್ಲೂ ಹಾಗೇ: 1997ಕ್ಕಿಂತ ಹಿಂದಿನ ‘ಧಾರವಾಡ ಜಿಲ್ಲೆ’ ಅಂದರೆ ಇಂದಿನ ಮೂರೂ ಜಿಲ್ಲೆ. ಹಳ್ಳಿಗಳ ಜನಗಣತಿ ಸಂಕೇತ ಹಿಡಿದು ಒಂದೊಂದನ್ನೇ ಹೊಸ ತಾಲ್ಲೂಕಿಗೆ ಸೇರಿಸಿ ಮೊತ್ತ ಹಾಕದೆ ಬೇರೆ ದಾರಿಯಿಲ್ಲ. ಬೇಸರದ ಕೆಲಸ, ಬಿಟ್ಟರೆ ಹೋಲಿಕೆಯೇ ಸುಳ್ಳು. ಪ್ರೊ. ಎಂ. ಗೋವಿಂದ ರಾವ್ ನೇತೃತ್ವದಲ್ಲಿ 2024ರಲ್ಲಿ ರಚನೆಯಾದ ಹೊಸ ಸಮಿತಿಯ ಮುಂದೆಯೂ ಇದೇ ಗಂಟು ಇತ್ತು.

ಹೊಸ ಸಂಶೋಧಕರಿಗೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಇಷ್ಟ, ಯಾಕೆಂದರೆ ಧಾರಣೆ ಪುಕ್ಕಟೆ ಸಿಗುತ್ತದೆ. ಮಾರುಕಟ್ಟೆ ದರ ಪ್ರಕಟಿಸುವ ಸರ್ಕಾರಿ ಜಾಲತಾಣ ಕೃಷಿ ಮಾರಾಟ ವಾಹಿನಿಯಲ್ಲಿ ಆವಕ, ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ) ಧಾರಣೆ ಎಲ್ಲ ಇದೆ. ಎಡವುವುದು ಇಲ್ಲೇ. ಕನಿಷ್ಠ, ಗರಿಷ್ಠ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವುದು ಸರಾಸರಿಯಲ್ಲ. ಮೇಲ್ದರ್ಜೆಯ ನಾಲ್ಕು ಚೀಲ ಡಬ್ಬಿ ತಳಿಯ ಮೆಣಸಿನಕಾಯಿ ಇಡೀ ದಿನದ ಧಾರಣೆಯನ್ನು ಮೇಲೆತ್ತಿಬಿಡುತ್ತದೆ. ಕಡ್ಡಿ, ಡಬ್ಬಿ, ಗುಂಟೂರು ತಳಿ ಬೇರೆ ಬೇರೆ ಇಡಬೇಕು. ಶೀತಲಗೃಹದ ಹಳೆ ಮಾಲು, ತೇವವಿರುವ ಹೊಸ ಮಾಲು ಒಂದೇ ಸಾಲಿನಲ್ಲಿ ಬೆರೆತಿರುತ್ತವೆ. ಬ್ಯಾಡಗಿ, ಗುಂಟೂರು ಎರಡೂ ಕಡೆ ದರ ವರ್ಷಗಳಿಂದ ಏರುತ್ತಿದ್ದರೆ, ನೇರ ರಿಗ್ರೆಶನ್ (ಒಂದರ ಏರಿಳಿತವನ್ನು ಇನ್ನೊಂದಕ್ಕೆ ಜೋಡಿಸುವ ಲೆಕ್ಕ) ಹಾಕಿದ ಕೂಡಲೇ ಗಾಢ ಸಂಬಂಧ ಕಾಣಿಸುತ್ತದೆ, ಅದು ಹುಸಿಯಾಗಿರಬಹುದು. ಮೊದಲು ದರದ ಸರಣಿ ಒಂದು ಮಟ್ಟದ ಸುತ್ತ ನಿಲ್ಲುತ್ತದೆಯೇ ಎಂಬ ಸ್ಥಿರತೆಯ ಪರೀಕ್ಷೆ, ಆಮೇಲೆ ಎರಡೂ ದರ ದೀರ್ಘಕಾಲ ಜೊತೆಯಾಗಿ ಸಾಗುತ್ತವೆಯೇ ಎಂದು ನೋಡುವ ಕೋಇಂಟಿಗ್ರೇಶನ್. ಈ ಕ್ರಮ ತಪ್ಪಿದ ಲೇಖನ ಒಳ್ಳೆಯ ಜರ್ನಲ್ಲಿನಿಂದ ವಾಪಸು ಬರುತ್ತದೆ.

ಇನ್ನು ಹೊಟ್ಟೆಪಾಡು. ರಾಷ್ಟ್ರೀಯ ಅರ್ಹತಾ ಪರೀಕ್ಷೆ ಎನ್‌ಇಟಿಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆಬಾಡಿಗೆ ಭತ್ಯೆ. ಸಿಗದವರು ಅತಿಥಿ ಉಪನ್ಯಾಸಕರಾಗಿಯೋ ಪ್ರಾಜೆಕ್ಟಿನ ಸಹಾಯಕರಾಗಿಯೋ ದಿನ ದೂಡುತ್ತಾರೆ. ಧಾರವಾಡದ ಸಿಎಂಡಿಆರ್ (ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ) ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಬೆಂಬಲದ ಸಂಸ್ಥೆ. ಅದನ್ನು ಕಟ್ಟಿದ ಪ್ರೊ. ಪಿ.ಆರ್. ಪಂಚಮುಖಿ ಅವರು ಶಿಕ್ಷಣ, ಆರೋಗ್ಯದ ಸಾರ್ವಜನಿಕ ವೆಚ್ಚವನ್ನು ಅಧ್ಯಯನ ಮಾಡಿದವರು. ಇಂಥ ಸಂಸ್ಥೆಗಳಲ್ಲಿ ಬಹಳಷ್ಟು ಕೆಲಸ ಸರ್ಕಾರಿ ಯೋಜನೆಗಳ ಮೌಲ್ಯಮಾಪನ. ಪ್ರಾಜೆಕ್ಟ್ ಮುಗಿದರೆ ನೇಮಕವೂ ಮುಗಿಯಿತು. ಮುಂದಿನ ಟೆಂಡರ್ ಕೃಷಿ ಹೊಂಡದ ಮೇಲಿದ್ದರೆ ನಿನ್ನೆಯ ಅಂಗನವಾಡಿ ತಜ್ಞರು ಇಂದು ಕೃಷಿ ಹೊಂಡದ ತಜ್ಞರು.

1961ರಲ್ಲಿ ರೂಪುಗೊಂಡ ಭಾರತೀಯ ಆರ್ಥಿಕ ಸೇವೆ ಭದ್ರವಾದ ದಾರಿ. ವಯಸ್ಸು 21ರಿಂದ 30, ಸ್ನಾತಕೋತ್ತರ ಪದವಿ, ಲಿಖಿತ ಪರೀಕ್ಷೆಗೆ 1,000 ಅಂಕ, ಸಂದರ್ಶನಕ್ಕೆ 200. ಉತ್ತರ ಇಂಗ್ಲಿಷಿನಲ್ಲೇ ಬರೆಯಬೇಕು. ಕನ್ನಡದಲ್ಲಿ ಬಿಎ ಓದಿ ಬಂದವರಿಗೆ ಭಾಷೆಗಿಂತ ಗಣಿತವೇ ದೊಡ್ಡ ಗೋಡೆ: ಕಲನಶಾಸ್ತ್ರ, ಮ್ಯಾಟ್ರಿಕ್ಸ್, ಸಂಭವನೀಯತೆ ಪಿಯುಸಿ ಕಲಾ ವಿಭಾಗದಲ್ಲೇ ಕೈಬಿಟ್ಟು ಹೋಗಿರುತ್ತವೆ. ಎಂಎ ಮೊದಲ ವರ್ಷ ಸೇರುವ ಮುಂಚಿನ ಬೇಸಿಗೆಯಲ್ಲಿ ವಿಜ್ಞಾನ ವಿಭಾಗದ ಪಿಯು ಗಣಿತ ಪುಸ್ತಕಗಳನ್ನು ಲೆಕ್ಕ ಬಿಡಿಸುತ್ತ ಮುಗಿಸಿಕೊಂಡವರಿಗೆ ಎಕನಾಮೆಟ್ರಿಕ್ಸ್ (ಆರ್ಥಿಕ ಅಂಕಿಅಂಶವನ್ನು ಗಣಿತದಿಂದ ವಿಶ್ಲೇಷಿಸುವ ಶಾಸ್ತ್ರ) ತರಗತಿ ಅಷ್ಟಾಗಿ ಹೆದರಿಸುವುದಿಲ್ಲ.