ಶೇಟ್ರು ಬೆಳ್ಳಿ ಅಂದರು, ಅಷ್ಟಕ್ಕೇ ನಾಣ್ಯ ಹಳೆಯದಾಗುತ್ತದಾ?

ಪ್ರಶ್ನೆ: ಎರಡು ಸಾವಿರ ವರ್ಷ ಹಳೆಯದು ಎನ್ನುವ ಬೆಳ್ಳಿ ನಾಣ್ಯವೊಂದು ಮಾರಾಟಕ್ಕಿದೆ. ಪರಿಚಯದ ಶೇಟ್ರ ಚಿನ್ನದಂಗಡಿಯಲ್ಲಿ ಪರೀಕ್ಷೆ ಮಾಡಿಸಿದೆ. ಅಪ್ಪಟ ಬೆಳ್ಳಿ ಅಂದರು. ಇನ್ನೂ ತಜ್ಞರಿಗೆ ತೋರಿಸಬೇಕಾ?
– ಉಡುಪಿಯ ಓದುಗರೊಬ್ಬರು

ತೋರಿಸಬೇಕು. ದುಡ್ಡು ಕೊಡುವ ಮೊದಲೇ ತೋರಿಸಬೇಕು. ಈ ಉತ್ತರ ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಮಂಗಳೂರಿನವರು ಕೇಳಲಿ, ಕುಂದಾಪುರದವರು ಕೇಳಲಿ, ಮಾತಿನ ಕೊನೆಗೆ ಆ ಶೇಟ್ರು ಬಂದೇ ಬರುತ್ತಾರೆ. ಹಾಗಾಗಿ ಈ ಸಲ ಅದನ್ನೇ ಬಿಡಿಸಿ ಹೇಳುತ್ತೇನೆ.

ಚಿನ್ನದಂಗಡಿಯವರ ಮೇಲೆ ನನಗೆ ತಕರಾರಿಲ್ಲ. ಅವರು ಹೇಳಿದ್ದು ನಿಜವೇ ಇರಬಹುದು. ಆದರೆ ಅವರ ಯಂತ್ರಕ್ಕೆ ಗೊತ್ತಿರುವುದು ಲೋಹ. ವಯಸ್ಸು ಅದಕ್ಕೆ ಗೊತ್ತಿಲ್ಲ. ಮಲ್ಪೆಯಲ್ಲಿ ತಕ್ಕಡಿ ಬಂಗುಡೆಯ ತೂಕ ಹೇಳುತ್ತದೆ. ತಾಜಾ ಹೌದೋ ಅಲ್ಲವೋ ಅಂತ ತಿಳಿಯಲು ಕಿವಿರು ಎತ್ತಿ ನೋಡಲೇಬೇಕು, ಅಲ್ವಾ? ನಕಲಿ ಮಾಡುವವನೂ ಬೆಳ್ಳಿಯಲ್ಲೇ ಮಾಡುತ್ತಾನೆ ಮಾರಾಯ್ರೇ. ಮೂರೂವರೆ ಗ್ರಾಂ ಸಹ ತೂಗದ ನಾಣ್ಯಕ್ಕೆ ನಿಜವಾದ ಬೆಳ್ಳಿ ಹಾಕಲು ಅವನಿಗೇನು ಕಷ್ಟ? ಸವೆದು ಹೋದ ಹಳೆಯ ನಾಣ್ಯಗಳನ್ನು ಕರಗಿಸಿ, ಅದೇ ಬೆಳ್ಳಿಯಲ್ಲಿ ದುಬಾರಿ ನಾಣ್ಯದ ನಕಲು ಮಾಡುವವರೂ ಉಂಟು. ಅಲ್ಲಿ ಯಂತ್ರ ಏನು ಹೇಳಬೇಕು?

ಇನ್ನೊಂದು ವಿಷಯ. ನೀವು ಖುಷಿಪಟ್ಟ ಆ 'ಅಪ್ಪಟ' ಎಂಬ ಮಾತಿಗೇ ನನಗೆ ಸಂಶಯ ಬರುವುದು. ಹಿಂದಿನವರು ಸೀಸ ಹಾಕಿ ಕಾಯಿಸಿ ಬೆಳ್ಳಿ ಶುದ್ಧ ಮಾಡುತ್ತಿದ್ದರು. ಆ ಬೆಳ್ಳಿಯಲ್ಲಿ ಸ್ವಲ್ಪ ಸೀಸ, ಸ್ವಲ್ಪ ಚಿನ್ನ, ತಾಮ್ರ ಉಳಿದೇ ಉಳಿಯುತ್ತಿತ್ತು. ತಾಮ್ರವನ್ನು ಬೇಕೆಂದೇ ಬೆರೆಸುವುದೂ ಇತ್ತು. ಯಂತ್ರ ಶೇಕಡಾ 99.9 ಬೆಳ್ಳಿ ಅಂತ ತೋರಿಸಿದರೆ ಅದು ಇವತ್ತಿನ ಕಾರ್ಖಾನೆಯ ಬೆಳ್ಳಿ ಇರುವ ಸಂಭವವೇ ಜಾಸ್ತಿ. ಮತ್ತೆ, ದಯವಿಟ್ಟು ನಾಣ್ಯವನ್ನು ಒರೆಗಲ್ಲಿಗೆ ಉಜ್ಜಲು ಬಿಡಬೇಡಿ. ಅಸಲಿಯೇ ಆಗಿದ್ದರೆ ಆ ಒಂದು ಗೀರಿಗೇ ಬೆಲೆ ಇಳಿಯುತ್ತದೆ.

ತಜ್ಞರು ನೋಡುವುದು ನಾಣ್ಯವನ್ನು ಹೇಗೆ ಮಾಡಿದ್ದಾರೆ ಅಂತ. ನಿಮ್ಮದು ಮೌರ್ಯರ ಕಾಲದ ಪಂಚ್ ಮಾರ್ಕ್ ನಾಣ್ಯ ಅಂದುಕೊಳ್ಳೋಣ. ಬೆಳ್ಳಿಯ ತುಂಡಿನ ಮೇಲೆ ಸೂರ್ಯ, ಗುಡ್ಡ ಮುಂತಾದ ಐದು ಗುರುತುಗಳನ್ನು ಒಂದೊಂದಾಗಿ ಬೇರೆ ಬೇರೆ ಠಸ್ಸೆಯಿಂದ ಹೊಡೆಯುತ್ತಿದ್ದರು. ಒಂದರ ಮೇಲೊಂದು ಏರಿರುತ್ತದೆ, ಅರ್ಧ ಅಂಚಿನಿಂದ ಹೊರಗೆ ಹೋಗಿರುತ್ತದೆ. ಎರಡು ನಾಣ್ಯಗಳಲ್ಲಿ ಐದೂ ಗುರುತು ಅದೇ ಜಾಗ, ಅದೇ ಓರೆಯಲ್ಲಿ ಬೀಳುವುದು ಅಸಾಧ್ಯ ಅಂತಲೇ ಹೇಳಬಹುದು. ಹಾಗೆ ಬಿದ್ದಿದ್ದರೆ ಒಂದೇ ನಾಣ್ಯದಿಂದ ಅಚ್ಚು ತೆಗೆದು ಎರಕ ಹೊಯ್ದಿದ್ದಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದರೆ ಎರಕದ ಸಣ್ಣ ಗುಳ್ಳೆಗಳು ಕಾಣಬಹುದು. ಅಂಚಿನ ಸುತ್ತ ಅಚ್ಚಿನ ಜೋಡಣೆಯ ಗೆರೆ ಸಿಕ್ಕರೆ ಮುಗಿಯಿತು. ಈ ಕಣ್ಣು ಬರಬೇಕಾದರೆ ಅಸಲಿ ನೋಡಬೇಕು. ಉಡುಪಿಯಲ್ಲೇ ಕಾರ್ಪೊರೇಷನ್ ಬ್ಯಾಂಕು ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಆ ಬ್ಯಾಂಕು (2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು) ಮಾಡಿದ ನಾಣ್ಯ ಸಂಗ್ರಹಾಲಯ ಉಂಟು. ಹೋಗಿ ಸುಮ್ನೆ ಒಂದು ಗಂಟೆ ನಿಂತು ನೋಡಿ.

ತಜ್ಞ ಅಂದರೆ ಯಾರು? ಆ ವ್ಯಾಪಾರದಲ್ಲಿ ಒಂದು ರೂಪಾಯಿ ಲಾಭವೂ ಇಲ್ಲದವರು. ಮಾರುವವನೇ ಕೊಡುವ ಸರ್ಟಿಫಿಕೇಟಿಗೆ ಬೆಲೆಯಿಲ್ಲ. ನಾಣ್ಯ ಸಂಗ್ರಹಕಾರರ ಸಂಘದ ಹಿರಿಯರು, ನಾಣ್ಯಶಾಸ್ತ್ರ ಓದಿದ ಇತಿಹಾಸದ ಅಧ್ಯಾಪಕರು ಸಿಗುತ್ತಾರೆ. ನಾಸಿಕ್ ಹತ್ತಿರದ ಅಂಜನೇರಿಯಲ್ಲಿ ನಾಣ್ಯಶಾಸ್ತ್ರಕ್ಕೇ ಮೀಸಲಾದ ಸಂಶೋಧನಾ ಸಂಸ್ಥೆಯಿದೆ. ಎರಡೂ ಮುಖದ ಮತ್ತು ಅಂಚಿನ ಫೋಟೋ, ಅಳತೆ, ಗ್ರಾಮಿನ ನೂರನೇ ಭಾಗದವರೆಗಿನ ತೂಕ ಮೊದಲು ಕಳಿಸಿ. ಫೋಟೋದಲ್ಲೇ ಎಷ್ಟೋ ನಕಲಿಗಳು ಸಿಕ್ಕಿಬೀಳುತ್ತವೆ. ಪಾಸಾದರೆ ಕೈಯಲ್ಲಿ ಹಿಡಿದು ನೋಡಲಿ. ನಾಣ್ಯ ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ಅಮೆರಿಕದ ಕಂಪನಿಗೆ ಕಳಿಸುವ ಯೋಚನೆ ಬೇಡ. 1972ರ ಪುರಾತನ ವಸ್ತುಗಳ ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ನಾವು ನೀವು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ದುಬೈಯಲ್ಲಿರುವ ಮಗನಿಗೂ ಕೊಟ್ಟು ಕಳಿಸುವ ಹಾಗಿಲ್ಲ. ಇಂಥ ನಾಣ್ಯದ ವ್ಯಾಪಾರ ಮಾಡುವವರಿಗೂ ಲೈಸೆನ್ಸ್ ಬೇಕು. ಕೇಳಿ ನೋಡಿ. ಬಿಲ್ಲಿನಲ್ಲಿ 'ನಕಲಿ ಎಂದಾದರೆ ಪೂರ್ತಿ ಹಣ ವಾಪಸ್' ಅಂತ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಎದ್ದು ಬನ್ನಿ.

'ಗದ್ದೆ ಉಳುವಾಗ ಸಿಕ್ಕಿತು' ಅಂತ ಹೇಳಿದರೂ ಎದ್ದು ಬನ್ನಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದು ನಿಜ, ಆದ್ದರಿಂದ ಇಂಥ ಕತೆ ಜನ ನಂಬುತ್ತಾರೆ. ಕತೆ ಸುಳ್ಳಾದರೆ ನಾಣ್ಯದ ಮೇಲೂ ನಂಬಿಕೆ ಇಡುವ ಹಾಗಿಲ್ಲ. ನಿಜವಾದರೆ ಅದು ನಿಧಿ, ಸರಕಾರಕ್ಕೆ ತಿಳಿಸಬೇಕಾದದ್ದು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಮನೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಕಾಲದ ಬೆಳ್ಳಿ ನಾಣ್ಯಗಳಿದ್ದರೆ ದೀಪಾವಳಿಗೆ ಹುಣಸೆಹುಳಿ ಹಾಕಿ ತಿಕ್ಕಬೇಡಿ. ಟೂತ್‌ಪೇಸ್ಟೂ ಬೇಡ. ಆ ಕಪ್ಪು ಪದರ ನಿಧಾನವಾಗಿ ಕೂತದ್ದು. ತಜ್ಞರು ಮೊದಲು ನೋಡುವುದರಲ್ಲಿ ಅದೂ ಒಂದು. ತಿಕ್ಕಿ ಹೊಳೆಯುವ ನಾಣ್ಯ ತಂದರೆ ನಾವು ಅರ್ಧ ಸಾಕ್ಷಿ ಕಳೆದುಕೊಂಡ ಹಾಗೆ. ಪೂಜೆಗೆ ಇಡಲೇಬೇಕಿದ್ದರೆ ಒಣ ಹತ್ತಿಬಟ್ಟೆಯ ಮೇಲೆ ಹಾಗೆಯೇ ಇಡಿ, ಕುಂಕುಮ ಹಚ್ಚಬೇಡಿ. ಆಮೇಲೆ ಪಿವಿಸಿ ಕವರಿಗೆ ಹಾಕಬೇಡಿ, ನಮ್ಮ ಕರಾವಳಿಯ ಸೆಕೆಗೆ ಅದರಿಂದ ಹಸಿರು ಅಂಟು ಬಿಡುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್‌ನ ಎರಡು ಪೊಟ್ಟಣ ಸಾಕು. ಮಳೆಗಾಲ ಶುರುವಾಗುವ ಮೊದಲು ಪೊಟ್ಟಣ ಬದಲಿಸಿ.